ಮಾತಿನ ಚಿಕಿತ್ಸೆಗೆ ಹೋಗುವುದು ಹೇಗೆ: ಮೊದಲ ಫೋನಿನಿಂದ ಕೊನೆಯ ಭೇಟಿಯವರೆಗೆ

ಥೆರಪಿ ಶುರುಮಾಡಿ ಬಿಟ್ಟವರಲ್ಲಿ ಬಹಳ ಮಂದಿ ಬಿಡುವುದು ಮೊದಲ ಮೂರು ನಾಲ್ಕು ಭೇಟಿಗಳ ಒಳಗೆ. ಬಿಡುವ ಬಗೆಯೂ ಹೆಚ್ಚುಕಡಿಮೆ ಒಂದೇ: "ಈ ವಾರ ಸ್ವಲ್ಪ ಕೆಲಸ ಇದೆ" ಎಂದು ಒಂದು ಮೆಸೇಜು, ಆಮೇಲೆ ಮೌನ. ಏನು ಸರಿಹೋಗಲಿಲ್ಲ ಎಂಬುದು ಚಿಕಿತ್ಸಕರಿಗೆ ತಿಳಿಯುವುದಿಲ್ಲ. ಬಿಟ್ಟವರಿಗೆ "ನನಗೆ ಇದೆಲ್ಲ ಆಗಿಬರುವುದಿಲ್ಲ" ಎಂಬ ತೀರ್ಮಾನ ಉಳಿದುಬಿಡುತ್ತದೆ. ಅದಕ್ಕೇ ಈ ಮಾರ್ಗದರ್ಶಿಯ ಬಹುಪಾಲು ಆರಂಭದ ಹಂತಗಳಿಗೆ ಮೀಸಲು: ಯಾರ ಬಳಿ ಹೋಗಬೇಕು, ಫೋನಿನಲ್ಲಿ ಏನು ಕೇಳಬೇಕು, ಎದುರಿಗೆ ಕೂತಾಗ ಎಲ್ಲಿಂದ ಶುರುಮಾಡಬೇಕು, ಸರಿಹೋಗದಿದ್ದರೆ ಅದನ್ನು ಅವರಿಗೇ ಹೇಗೆ ಹೇಳಬೇಕು.

ಅದಕ್ಕೂ ಮುಂಚೆ ಒಂದು ಮಾತು. ಸಾಯುವ ಯೋಚನೆ ಬರುತ್ತಿದ್ದು, ಹೇಗೆ, ಯಾವಾಗ ಎಂಬುದೂ ಮನಸ್ಸಿನಲ್ಲಿ ಮೂಡಿದ್ದರೆ ಮುಂದಿನ ವಾರದ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಈಗಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ ನೀವಿರುವಲ್ಲಿಯ ತುರ್ತು ಸಂಖ್ಯೆಗೋ ಆತ್ಮಹತ್ಯೆ ತಡೆ ಸಹಾಯವಾಣಿಗೋ ಕರೆಮಾಡಿ. ಒಬ್ಬರೇ ಇರಬೇಡಿ. ಮನೆಯಲ್ಲಿರುವ ಮಾತ್ರೆ, ಕೀಟನಾಶಕ, ಆಯುಧ ಇಂಥವನ್ನು ಇನ್ನೊಬ್ಬರ ಕೈಗೆ ಕೊಟ್ಟು ದೂರ ಇಡಿಸಿ. ಆ ತೀವ್ರ ಗಳಿಗೆ ಬಹಳ ಸಲ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಾಧನ ಕೈಗೆ ಸಿಗದಿದ್ದರೆ ಅದು ದಾಟಿಹೋಗುವ ಸಾಧ್ಯತೆ ಹೆಚ್ಚು. ಹಾಗೆಯೇ, ಯಾರೂ ಇಲ್ಲದಾಗ ಧ್ವನಿ ಕೇಳಿಸುವುದು, ನಿದ್ದೆಯೇ ಬೇಡವೆನಿಸಿ ದಿನಗಟ್ಟಲೆ ಹುರುಪು ಏರುತ್ತಲೇ ಹೋಗುವುದು, ಊಟ ನೀರು ಬಿಟ್ಟು ಮಲಗಿಬಿಡುವುದು ಇದ್ದರೆ ಮೊದಲು ಮನೋವೈದ್ಯರನ್ನು ಕಾಣಬೇಕು. ಅಲ್ಲಿ ಮಾತಿನ ಚಿಕಿತ್ಸೆ ಆಮೇಲೆ ಜೊತೆಗೂಡುತ್ತದೆ, ಅದೊಂದೇ ಸಾಲುವುದಿಲ್ಲ.

1. ತೊಂದರೆಯನ್ನು ಅರ್ಧ ಪುಟದಲ್ಲಿ ಬರೆದುಕೊಳ್ಳಿ

"ಮನಸ್ಸೇ ಸರಿಯಿಲ್ಲ" ಎಂಬ ವಾಕ್ಯದಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಬರೆದವರಿಗೂ ಸಹ. ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ. ಏನಾಗುತ್ತಿದೆ? ಯಾವಾಗಿನಿಂದ? ಯಾವ ಕೆಲಸಕ್ಕೆ ಅಡ್ಡಿಯಾಗಿದೆ? ಇಲ್ಲಿಯವರೆಗೆ ಏನೇನು ಮಾಡಿ ನೋಡಿದ್ದೀರಿ? ಹೀಗೆ ಬರೆದರೆ ಸಾಕು: "ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಆಫೀಸಿನಲ್ಲಿ ಒಂದು ಇಮೇಲ್ ಬರೆಯಲು ಒಂದು ಗಂಟೆ ಬೇಕು. ಫೋನ್ ಬಂದರೆ ಎದೆ ಡವಡವ. ಗೆಳೆಯರನ್ನು ಕಾಣುವುದು ನಿಲ್ಲಿಸಿದ್ದೇನೆ." ಮೊದಲ ಭೇಟಿಯಲ್ಲಿ ಗಂಟಲು ಕಟ್ಟಿಕೊಂಡರೆ ಈ ಹಾಳೆಯನ್ನೇ ಮುಂದಿಟ್ಟರಾಯಿತು.

ಇದರ ಜೊತೆಗೆ ಎರಡು ಪ್ರಶ್ನಾವಳಿಗಳನ್ನು ತುಂಬಿಟ್ಟುಕೊಳ್ಳಬಹುದು. ಖಿನ್ನತೆಗೆ ಪಿಎಚ್‌ಕ್ಯೂ-9, ಆತಂಕಕ್ಕೆ ಜಿಎಡಿ-7. ಎರಡೂ ಕೇಳುವುದು ಕಳೆದ ಎರಡು ವಾರದ ಬಗ್ಗೆ, ಪ್ರತಿ ಪ್ರಶ್ನೆಗೂ 0ರಿಂದ 3 ಅಂಕ. ಪಿಎಚ್‌ಕ್ಯೂ-9ರಲ್ಲಿ ಒಟ್ಟು 27ಕ್ಕೆ 5, 10, 15, 20 ಎಂಬ ಗೆರೆಗಳಿವೆ, ಒಂದೊಂದು ದಾಟಿದಂತೆ ತೀವ್ರತೆ ಹೆಚ್ಚು. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರನ್ನು ಕಾಣುವುದು ಒಳ್ಳೆಯದು. ಜಿಎಡಿ-7ರಲ್ಲಿ 21ಕ್ಕೆ 5, 10, 15. ಅಂಕ ನೋಡಿ ನೀವೇ ರೋಗದ ಹೆಸರು ಇಟ್ಟುಕೊಳ್ಳಬೇಡಿ, ಇದರ ನಿಜವಾದ ಉಪಯೋಗ ಬೇರೆಯೇ ಇದೆ: ಆರು ವಾರದ ನಂತರ ಮತ್ತೆ ತುಂಬಿದಾಗ ಹೋಲಿಸಲು ಒಂದು ಅಂಕ ಕೈಯಲ್ಲಿರುತ್ತದೆ. ಪಿಎಚ್‌ಕ್ಯೂ-9ರಲ್ಲಿ 5 ಅಂಕ ಇಳಿದರೆ ಅದನ್ನು ಗಮನಾರ್ಹ ಬದಲಾವಣೆ ಎಂದು ಎಣಿಸುತ್ತಾರೆ. ಅದರ ಒಂಬತ್ತನೆಯ ಪ್ರಶ್ನೆ ಸಾಯುವ, ಗಾಯ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನು ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅದನ್ನು ಬಾಯಿಬಿಟ್ಟು ಹೇಳಬೇಕು.

ಮಾಮೂಲಿ ಡಾಕ್ಟರ ಬಳಿ ಒಮ್ಮೆ ರಕ್ತಪರೀಕ್ಷೆ ಮಾಡಿಸುವುದೂ ಈ ಹಂತದ್ದೇ ಕೆಲಸ. ಥೈರಾಯ್ಡ್ ಕಡಿಮೆಯಾದರೆ ಖಿನ್ನತೆಯಂತೆಯೇ ಕಾಣುತ್ತದೆ, ಹೆಚ್ಚಾದರೆ ಆತಂಕದಂತೆ. ರಕ್ತಹೀನತೆ, ಬಿ-12 ಕೊರತೆ, ಸ್ಟೀರಾಯ್ಡ್‌ನಂಥ ಕೆಲವು ಔಷಧಿ ಕೂಡ ಹೀಗೆ ವೇಷ ಹಾಕುತ್ತವೆ. ಥೈರಾಯ್ಡಿನ ತೊಂದರೆಗೆ ಆರು ತಿಂಗಳು ಥೆರಪಿ ಮಾಡಿಸಿ ಫಲವಿಲ್ಲ.

2. ಯಾರ ಬಳಿ ಹೋಗಬೇಕು

ಇಲ್ಲಿ ಹೆಸರುಗಳ ಗೊಂದಲ ಬಹಳ. ಮನೋವೈದ್ಯರು ವೈದ್ಯಕೀಯ ಓದಿದವರು. ರೋಗ ಗುರುತಿಸಿ ಔಷಧಿ ಬರೆಯುತ್ತಾರೆ, ಮಾತಿಗೆ ಅವರ ಬಳಿ ಸಮಯ ಕಡಿಮೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮನಃಶಾಸ್ತ್ರದಲ್ಲಿ ಉನ್ನತ ಪದವಿ ಪಡೆದು ಆಸ್ಪತ್ರೆಯಲ್ಲಿ ತರಬೇತಾದವರು; ಪರೀಕ್ಷೆ ಮತ್ತು ಥೆರಪಿ ಎರಡನ್ನೂ ಮಾಡುತ್ತಾರೆ, ಔಷಧಿ ಸಾಮಾನ್ಯವಾಗಿ ಬರೆಯುವುದಿಲ್ಲ. ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್‌ಗಳು, ದಾಂಪತ್ಯ, ಅಗಲಿಕೆ, ಕೆಲಸದ ಒತ್ತಡ, ಓದಿನ ಆತಂಕ ಇಂಥವಕ್ಕೆ ಒಳ್ಳೆಯ ಆಯ್ಕೆ. ಮನೋವೈದ್ಯಕೀಯ ಸಮಾಜಕಾರ್ಯಕರ್ತರೂ ಥೆರಪಿ ಮಾಡುತ್ತಾರೆ. ಮನೆಯವರನ್ನೆಲ್ಲ ಕೂರಿಸಿ ಮಾತಾಡಬೇಕಾದಲ್ಲಿ ಇವರ ಕೈ ಚೆನ್ನಾಗಿ ಓಡುತ್ತದೆ.

ತೊಂದರೆ ಎಲ್ಲಿ ಬರುತ್ತದೆ ಎಂದರೆ, ಇವುಗಳಲ್ಲಿ ಕೆಲವು ಪದನಾಮಗಳಿಗೆ ಕಾನೂನಿನ ರಕ್ಷಣೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ, ಅದೂ ದೇಶದಿಂದ ದೇಶಕ್ಕೆ ಬೇರೆ. ಎರಡು ದಿನದ ಶಿಬಿರ ಮುಗಿಸಿದವರು "ಲೈಫ್ ಕೋಚ್" ಎಂದು ಬೋರ್ಡು ಹಾಕಿಕೊಂಡಿರಬಹುದು. ಹಾಗಾಗಿ ಪದವಿ ಯಾವುದು, ನೋಂದಣಿ ಸಂಖ್ಯೆ ಏನು, ಯಾವ ಸಂಸ್ಥೆಯದು, ಈಗಲೂ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ಇದ್ದಾರಾ ಎಂದು ಕೇಳಿ. ಸಂಖ್ಯೆ ಸಿಕ್ಕರೆ ಆ ನೋಂದಣಿ ಸಂಸ್ಥೆಯ ಪಟ್ಟಿಯಲ್ಲಿ ಹುಡುಕಿ ನೋಡಿ. ಈ ಪ್ರಶ್ನೆ ಕೇಳಿದ್ದಕ್ಕೆ ಸಿಡಿಮಿಡಿಗೊಂಡವರನ್ನು ಅಲ್ಲಿಗೇ ಬಿಡಿ. ಸರಿಯಾಗಿ ಕಲಿತವರಿಗೆ ಇದು ದಿನಾ ಕೇಳುವ ಪ್ರಶ್ನೆ.

ಪರಿಚಯದವರು, ನೆಂಟರು, ಮೇಲಧಿಕಾರಿಯ ಮಡದಿ ಇಂಥವರು ಎಷ್ಟೇ ನುರಿತ ಚಿಕಿತ್ಸಕರಾದರೂ ನಿಮ್ಮ ಚಿಕಿತ್ಸಕರಾಗುವಂತಿಲ್ಲ.

3. ಯಾವ ತೊಂದರೆಗೆ ಯಾವ ಬಗೆ

ಎಲ್ಲ ಬಗೆಗಳ ಹೆಸರನ್ನೂ ಕಲಿಯಬೇಕಾಗಿಲ್ಲ. ಆದರೆ ಕೆಲವು ತೊಂದರೆಗಳಿಗೆ ಬಗೆ ಸರಿಯಾಗಿರದಿದ್ದರೆ ವರ್ಷಗಳು ವ್ಯರ್ಥವಾಗುತ್ತವೆ.

ಮುಖ್ಯವಾದದ್ದು ಗೀಳು, ಅಂದರೆ ಒಸಿಡಿ. ಇದಕ್ಕೆ ಬೇಕಾದದ್ದು ಇಆರ್‌ಪಿ: ಭಯ ಹುಟ್ಟಿಸುವುದನ್ನು ಹಂತಹಂತವಾಗಿ ಎದುರಿಸುತ್ತ, ಅದರ ಬೆನ್ನಿಗೆ ಬರುವ ತೊಳೆಯುವ, ಪರೀಕ್ಷಿಸುವ, ಎಣಿಸುವ ಕೆಲಸವನ್ನು ತಡೆಹಿಡಿಯುವ ಅಭ್ಯಾಸ. "ಏನೂ ಆಗುವುದಿಲ್ಲ ಬಿಡಿ" ಎಂದು ವಾರವಾರವೂ ಸಮಾಧಾನ ಹೇಳುವ ಥೆರಪಿ ಗೀಳಿಗೆ ಗೊಬ್ಬರ ಹಾಕಿದಂತೆ. ಸಮಾಧಾನ ಕೇಳುವುದೂ ಗೀಳಿನದೇ ಒಂದು ಆಚರಣೆಯಾಗಿಬಿಡುತ್ತದೆ.

ಖಿನ್ನತೆ, ಗಾಬರಿಯ ದಾಳಿ, ಜನರೆದುರು ಬರುವ ಆತಂಕ ಇವಕ್ಕೆ ಸಿಬಿಟಿ ಚೆನ್ನಾಗಿ ಪರೀಕ್ಷೆಗೊಳಗಾದ ದಾರಿ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗೆಂದು ರೂಪಿಸಿದ್ದು. ಯೋಚನೆ, ಭಾವನೆ, ನಡವಳಿಕೆ ಒಂದನ್ನೊಂದು ಎಳೆಯುತ್ತವೆ ಎಂಬುದು ಅದರ ತಿರುಳು. ಸಾಮಾನ್ಯವಾಗಿ 12ರಿಂದ 20 ಭೇಟಿ. ಖಿನ್ನತೆ ಶುರುವಾದದ್ದು ಒಂದು ಸಾವು, ಜಗಳ ಅಥವಾ ಬದುಕಿನ ದೊಡ್ಡ ತಿರುವಿನ ಸುತ್ತ ಇದ್ದರೆ ಸಂಬಂಧಗಳ ಮೇಲೆ ಕೆಲಸ ಮಾಡುವ ಐಪಿಟಿ ಇದೆ, 12ರಿಂದ 16 ಭೇಟಿ. ನಿದ್ರಾಹೀನತೆಯೇ ಮುಖ್ಯ ತೊಂದರೆಯಾದರೆ ಅದಕ್ಕೆಂದೇ ಸಿಬಿಟಿ-ಐ ಎಂಬ ಬಗೆಯಿದೆ, 4ರಿಂದ 8 ಭೇಟಿಯಲ್ಲಿ ಮುಗಿಯುತ್ತದೆ. ಇದನ್ನು ಎಷ್ಟೋ ಮಂದಿ ಕೇಳಿಯೇ ಇರುವುದಿಲ್ಲ. ಮತ್ತೆಮತ್ತೆ ತನಗೆ ಗಾಯ ಮಾಡಿಕೊಳ್ಳುವವರಿಗೆ ಮನಃಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ ಇದೆ, ಉಕ್ಕಿಬರುವ ಭಾವನೆಗಳನ್ನು ನಿಭಾಯಿಸುವ ಕೌಶಲವನ್ನು ಅದು ಕಲಿಸುತ್ತದೆ.

ಅಪಘಾತ, ಹಲ್ಲೆ, ದೌರ್ಜನ್ಯದ ನೆನಪು ಕಾಡುತ್ತಿದ್ದರೆ ಆಘಾತಕ್ಕೆಂದೇ ಇರುವ ಸಿಬಿಟಿ ಅಥವಾ ಇಎಂಡಿಆರ್ (ಕಣ್ಣನ್ನು ಅತ್ತಿತ್ತ ಆಡಿಸುತ್ತ ನೆನಪಿನ ಮೇಲೆ ಕೆಲಸ ಮಾಡುವ ಬಗೆ) ಕಲಿತವರನ್ನೇ ಹುಡುಕಿ. ಘಟನೆ ನಡೆದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲವನ್ನೂ ವಿವರವಾಗಿ ಹೇಳಿಸುವ ಪದ್ಧತಿ ಹಿಂದೆ ಚಾಲ್ತಿಯಲ್ಲಿತ್ತು. ಅದರಿಂದ ಲಾಭವಿಲ್ಲ, ಕೆಲವರಿಗೆ ಕೆಡುಕೇ ಆಗಬಹುದು ಎಂದು ಈಗ ಕೈಬಿಟ್ಟಿದ್ದಾರೆ.

ಇನ್ನುಳಿದ ಹೆಚ್ಚಿನ ತೊಂದರೆಗಳಲ್ಲಿ ಬಗೆಯಷ್ಟೇ ತೂಕ ಆ ವ್ಯಕ್ತಿಯ ಜೊತೆ ನಿಮಗೆ ಕುದುರುವ ಕೆಲಸದ ನಂಟಿಗೂ ಇದೆ.

4. ಫೋನಿನಲ್ಲಿ ಐದು ನಿಮಿಷ

ಎರಡು ಮೂರು ಜನರ ಹೆಸರು ಹಿಡಿದು ಒಂದೇ ದಿನ ಎಲ್ಲರಿಗೂ ಕರೆಮಾಡಿ. ಒಬ್ಬರಿಗೆ ಕರೆಮಾಡಿ, ಅವರು ತೆಗೆಯದೆ, ಮತ್ತೆ ಧೈರ್ಯ ಬರಲು ಮೂರು ವಾರ ಹಿಡಿಯುವುದು ತೀರಾ ಸಾಮಾನ್ಯ. ಕಥೆಯೆಲ್ಲ ಫೋನಿನಲ್ಲಿ ಹೇಳಬೇಕಿಲ್ಲ. ಹೀಗೆ ಹೇಳಿದರೆ ಆಯಿತು:

"ನಮಸ್ಕಾರ, ಥೆರಪಿಗೆ ಸಮಯ ಕೇಳೋಣ ಅಂತ ಫೋನ್ ಮಾಡಿದೆ. ಎರಡು ತಿಂಗಳಿಂದ ನಿದ್ದೆ ಇಲ್ಲ, ಆತಂಕ ಜಾಸ್ತಿ ಆಗಿದೆ. ಇಂಥದ್ದನ್ನ ನೀವು ನೋಡ್ತೀರಾ? ಯಾವ ರೀತಿ ಕೆಲಸ ಮಾಡ್ತೀರಿ?"

ಆಮೇಲೆ ಕೇಳಬೇಕಾದವು: ಒಂದು ಸೆಷನ್ ಎಷ್ಟು ಹೊತ್ತು (45ರಿಂದ 60 ನಿಮಿಷ ವಾಡಿಕೆ), ಶುಲ್ಕ ಎಷ್ಟು, ಕಡಿಮೆ ಆದಾಯದವರಿಗೆ ರಿಯಾಯಿತಿ ಇದೆಯಾ, ಬರಲಾಗದಿದ್ದರೆ ಎಷ್ಟು ಗಂಟೆ ಮುಂಚೆ ತಿಳಿಸಬೇಕು, ವಾರಕ್ಕೊಮ್ಮೆ ಇದೇ ವೇಳೆ ಸಿಗುತ್ತದಾ, ಯಾವ ಭಾಷೆಯಲ್ಲಿ ಮಾತಾಡಬಹುದು. ಭಾಷೆಯ ಪ್ರಶ್ನೆಯನ್ನು ಸಂಕೋಚಪಟ್ಟು ಬಿಡಬೇಡಿ. ಆಫೀಸಿನ ಭಾಷೆಯಲ್ಲಿ "ನನಗೆ ಸಿಟ್ಟು ಬಂದಿತ್ತು" ಎನ್ನಬಹುದು; ಹೊಟ್ಟೆ ಉರಿಯಿತೋ, ಮೈಯೆಲ್ಲ ಬೆಂಕಿಯಾಯಿತೋ, ಬೇಜಾರಾಯಿತೋ ಎಂಬ ವ್ಯತ್ಯಾಸ ತೆಗೆಯಲು ಮನೆಯ ಮಾತೇ ಬೇಕು.

ಆನ್‌ಲೈನ್ ಆದರೆ ಬಾಗಿಲು ಹಾಕಿಕೊಳ್ಳಬಲ್ಲ ಕೋಣೆ, ಇಯರ್‌ಫೋನ್, ಕರೆ ಕಡಿದರೆ ಬಳಸಲು ಇನ್ನೊಂದು ನಂಬರು ಇರಲಿ. ಮನೆಯಲ್ಲಿ ಗೋಡೆಗೂ ಕಿವಿಯಿದ್ದರೆ ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡುವವರೂ ಇದ್ದಾರೆ, ಅದು ತಪ್ಪಲ್ಲ. ಗಾಡಿ ಓಡಿಸುತ್ತ ಮಾತ್ರ ಬೇಡ. ಮನೆಯಲ್ಲೇ ಹಿಂಸೆ ಇರುವವರು, ಸಾಯುವ ಯೋಚನೆ ತೀವ್ರವಾಗಿರುವವರು ಎದುರಾಬದುರು ಭೇಟಿಯನ್ನೇ ಆರಿಸಿಕೊಳ್ಳುವುದು ಮೇಲು.

5. ಮೊದಲ ಭೇಟಿ

ಹತ್ತು ನಿಮಿಷ ಮುಂಚೆ ತಲುಪಿ. ಅರ್ಧ ಪುಟದ ಹಾಳೆ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಹೆಸರು ಮತ್ತು ಪ್ರಮಾಣ, ಹಳೆಯ ಚಿಕಿತ್ಸೆಯ ಕಾಗದ ಇದ್ದರೆ ಅದು, ಇಷ್ಟು ಜೊತೆಗಿರಲಿ. ಆ ದಿನ ಸಂಜೆಗೆ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ, ಸುಸ್ತಾಗುತ್ತದೆ.

ಈ ಭೇಟಿಯಲ್ಲಿ ಹೆಚ್ಚು ಪ್ರಶ್ನೆ ಅವರದ್ದೇ: ತೊಂದರೆ, ನಿದ್ದೆ, ಹಸಿವು, ಕುಡಿತ, ಮನೆಯಲ್ಲಿ ಯಾರಿಗಾದರೂ ಇಂಥದ್ದು ಇತ್ತೇ, ಸಾಯುವ ಯೋಚನೆ ಬಂದಿದೆಯೇ. ಕೊನೆಯ ಪ್ರಶ್ನೆ ಕೇಳಿ ಗಾಬರಿಯಾಗಬೇಡಿ, ಅವರು ಎಲ್ಲರನ್ನೂ ಕೇಳುತ್ತಾರೆ. ಕುಡಿತದ ಲೆಕ್ಕವನ್ನು ಕಡಿಮೆ ಮಾಡಿ ಹೇಳುವವರು ಬಹಳ. ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಆದ್ದರಿಂದ ಇಲ್ಲಿ ಸರಿಯಾದ ಅಳತೆಯನ್ನೇ ಹೇಳಿ.

ಮೊದಲ ದಿನವೇ ಎಲ್ಲವನ್ನೂ ಬಿಚ್ಚಿಡುವ ಒತ್ತಾಯ ಇಲ್ಲ. "ಇನ್ನೊಂದು ವಿಷಯ ಇದೆ, ಇವತ್ತು ಹೇಳಲಾಗುವುದಿಲ್ಲ" ಎಂದರೂ ಸಾಕು. ಹಾಗೆ ಬಾಗಿಲೊಂದು ಇದೆ ಎಂದು ತೋರಿಸಿಟ್ಟರೆ ಮುಂದೆ ತೆರೆಯುವುದು ಸುಲಭ. ಅಳು ಬಂದರೆ ಅತ್ತುಬಿಡಿ, ಆ ಟಿಶ್ಯೂ ಡಬ್ಬಿ ಇರುವುದೇ ಅದಕ್ಕೆ.

ಗುಟ್ಟಿನ ಮಾತು ಇದೇ ಭೇಟಿಯಲ್ಲಿ ಇತ್ಯರ್ಥವಾಗಬೇಕು. ನೀವು ಹೇಳಿದ್ದು ಕೋಣೆಯಾಚೆ ಹೋಗುವುದಿಲ್ಲ ಎಂಬುದು ನಿಯಮ. ಅದಕ್ಕೆ ವಿನಾಯಿತಿಗಳಿವೆ: ನಿಮ್ಮ ಅಥವಾ ಇನ್ನೊಬ್ಬರ ಪ್ರಾಣಕ್ಕೆ ತಕ್ಷಣದ ಅಪಾಯ, ಮಕ್ಕಳ ಮೇಲಿನ ದೌರ್ಜನ್ಯ, ನ್ಯಾಯಾಲಯದ ಆದೇಶ. ಗೆರೆ ಎಲ್ಲಿ ಎಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು, ಹಾಗಾಗಿ ಅವರ ಬಾಯಿಂದಲೇ ಕೇಳಿಸಿಕೊಳ್ಳಿ. ಕಂಪನಿಯೇ ದುಡ್ಡು ಕೊಡುತ್ತಿದ್ದರೆ ಇನ್ನೊಂದು ಪ್ರಶ್ನೆ: ಕಂಪನಿಗೆ ಯಾವ ಮಾಹಿತಿ ಹೋಗುತ್ತದೆ, ಹೆಸರು ಹೋಗುತ್ತದೆಯೇ? ಟಿಪ್ಪಣಿ ಎಲ್ಲಿಡುತ್ತಾರೆ, ಎಷ್ಟು ಕಾಲ ಎಂದೂ ಕೇಳಬಹುದು.

ಎದ್ದು ಬರುವ ಮುಂಚೆ ಗುರಿಯೊಂದನ್ನು ಇಬ್ಬರೂ ಸೇರಿ ಮಾತಿನಲ್ಲಿ ಹಿಡಿಯಿರಿ. "ಖುಷಿಯಾಗಿರಬೇಕು" ಎಂಬುದನ್ನು ಅಳೆಯಲು ಆಗುವುದಿಲ್ಲ. "ವಾರದಲ್ಲಿ ನಾಲ್ಕು ರಾತ್ರಿಯಾದರೂ ಆರು ಗಂಟೆ ನಿದ್ದೆ, ಮೀಟಿಂಗಿನಲ್ಲಿ ಒಂದು ಸಲ ಬಾಯಿಬಿಡುವುದು" ಇದನ್ನು ಅಳೆಯಬಹುದು.

6. ನಾಲ್ಕನೆಯ ಭೇಟಿಯ ಲೆಕ್ಕಾಚಾರ

ಮೊದಲ ಭೇಟಿ ಮುಗಿಸಿ ಬಂದಾಗ ಹಗುರ ಎನಿಸುವುದು ಹೆಚ್ಚು. ಎರಡು ಮೂರನೆಯದರ ಹೊತ್ತಿಗೆ ಆ ಹಗುರ ಇಳಿದು, ಹೂತಿಟ್ಟದ್ದು ಮೇಲೆ ಬಂದು, ಮೊದಲಿಗಿಂತ ಕೆಟ್ಟದಾಗಿದೆ ಎನಿಸಬಹುದು. ಬಿಟ್ಟುಹೋಗುವುದು ಇಲ್ಲೇ. ಸೆಷನ್ನಿನ ನಂತರ ಒಂದೆರಡು ದಿನ ಕದಡಿದಂತಾಗಿ ಆಮೇಲೆ ತಿಳಿಯಾದರೆ ಅದು ಕೆಲಸ ನಡೆಯುತ್ತಿರುವ ಲಕ್ಷಣ. ವಾರಪೂರ್ತಿ ಇಳಿಯುತ್ತಲೇ ಹೋದರೆ, ನಿದ್ದೆ ಕೆಟ್ಟು ಕೆಲಸಕ್ಕೆ ಹೋಗಲಾಗದಿದ್ದರೆ, ವೇಗ ಹೆಚ್ಚಾಗಿದೆ ಎಂದರ್ಥ. ಮುಂದಿನ ಭೇಟಿಗೆ ಕಾಯದೆ ತಿಳಿಸಿ.

ನಾಲ್ಕನೆಯ ಭೇಟಿಯಲ್ಲಿ ಮೂರು ವಿಷಯ ತೂಗಿನೋಡಿ. ಎಡ್ವರ್ಡ್ ಬೋರ್ಡಿನ್ ಎಂಬ ಮನಃಶಾಸ್ತ್ರಜ್ಞ 1979ರಲ್ಲಿ ಚಿಕಿತ್ಸೆಯ ನಂಟನ್ನು ಹೀಗೆ ಮೂರಾಗಿ ಬಿಡಿಸಿಟ್ಟ: ಗುರಿಯಲ್ಲಿ ಒಪ್ಪಿಗೆ, ಆ ಗುರಿಗಾಗಿ ಮಾಡುವ ಕೆಲಸದಲ್ಲಿ ಒಪ್ಪಿಗೆ, ಇಬ್ಬರ ನಡುವಿನ ವಿಶ್ವಾಸ. ವಿಶ್ವಾಸ ಇದ್ದು ಗುರಿಯೇ ಬೇರೆಯಾಗಿದ್ದರೆ ಅದು ಹೇಳಿದರೆ ಸರಿಹೋಗುತ್ತದೆ. ಗುರಿ ಸರಿಯಿದ್ದು ಅವರು ಕೊಡುವ ಅಭ್ಯಾಸ ನಿಮಗೆ ಹೊಂದದಿದ್ದರೆ ಅದೂ ಹೇಳಿದರೆ ಸರಿಹೋಗುತ್ತದೆ. ಅವರ ಎದುರು ಕೂತರೆ ಸಣ್ಣವರಾದಂತೆ ಅನಿಸುತ್ತಿದ್ದು, ಹೇಳಿದ ಮೇಲೂ ಹಾಗೇ ಇದ್ದರೆ ಬೇರೆಯವರನ್ನು ನೋಡಿ.

ಹೇಳುವುದು ಹೇಗೆ? ಡಾಕ್ಟರರಿಗೆ ಎದುರು ಮಾತಾಡಿದಂತೆ ಆಗುತ್ತದೆಂಬ ಅಳುಕು ಎಲ್ಲರಿಗೂ ಇರುವಂಥದ್ದೇ. ಸೆಷನ್ನಿನ ಮೊದಲ ಐದು ನಿಮಿಷದಲ್ಲೇ ಹೇಳಿಬಿಡಿ: "ಮೇಡಂ, ಹೋದ ವಾರ ನಾನು ಅಪ್ಪನ ವಿಷಯ ಹೇಳುವಾಗ ನೀವು ಬೇಗ ಸಲಹೆ ಕೊಟ್ರಿ ಅನ್ನಿಸ್ತು. ಅದಕ್ಕೆ ಮುಂದೆ ಹೇಳೋಕಾಗಲಿಲ್ಲ." ಬಲ್ಲ ಚಿಕಿತ್ಸಕರು ಇದನ್ನು ಕೇಳಿ ಕುರ್ಚಿ ಮುಂದೆ ಎಳೆದುಕೊಳ್ಳುತ್ತಾರೆ. ಯಾಕೆಂದರೆ ಹೊರಗೆ ಯಾರೆದುರು ನಿಮಗೆ ಬಾಯಿ ಬರುವುದಿಲ್ಲವೋ ಅವರೆದುರು ಮಾತಾಡುವುದರ ಮೊದಲ ಅಭ್ಯಾಸ ಅಲ್ಲೇ ನಡೆದುಹೋಯಿತು. ವಾದಕ್ಕೆ ಇಳಿದರೆ, ನಿಮ್ಮನ್ನೇ ದೂರಿದರೆ, ಅದೂ ಒಂದು ಉತ್ತರವೇ.

ಮೊದಲ ಐದು ನಿಮಿಷ ಎಂದದ್ದಕ್ಕೆ ಕಾರಣ ಇದೆ. ಮುಖ್ಯವಾದದ್ದನ್ನು ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ಹೇಳುವ ಚಾಳಿ ಎಷ್ಟೋ ಜನರಿಗಿದೆ. ಆಗ ಅದಕ್ಕೆ ಉಳಿಯುವುದು ಎರಡು ನಿಮಿಷ.

7. ಎರಡು ಭೇಟಿಗಳ ನಡುವೆ

ವಾರದಲ್ಲಿ 168 ಗಂಟೆ, ಥೆರಪಿ ಅದರಲ್ಲಿ ಒಂದು. ಉಳಿದ ಗಂಟೆಗಳಲ್ಲಿ ಏನೂ ನಡೆಯದಿದ್ದರೆ ಆ ಒಂದು ಗಂಟೆ ತಿಂಗಳುಗಟ್ಟಲೆ ಒಂದೇ ಕಥೆಯ ಪುನರಾವರ್ತನೆಯಾಗುತ್ತದೆ. ಹೇಳಿಕೊಂಡರೆ ಹಗುರಾಗುತ್ತದೆ ನಿಜ. 1880ರ ಸುಮಾರಿಗೆ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ ಚಿಕಿತ್ಸೆ ಕೊಡುತ್ತಿದ್ದ ಬರ್ತಾ ಪಾಪೆನ್‌ಹೈಮ್ ಎಂಬ ತರುಣಿಯೇ ಇದಕ್ಕೆ "ಟಾಕಿಂಗ್ ಕ್ಯೂರ್" ಎಂದು ಹೆಸರಿಟ್ಟವಳು. ತಮಾಷೆಗೆ "ಚಿಮಣಿ ಗುಡಿಸುವುದು" ಎಂದೂ ಕರೆಯುತ್ತಿದ್ದಳು. ಆದರೆ ಆ ಚಿಕಿತ್ಸೆ ಮುಗಿದ ಮೇಲೂ ಆಕೆ ಆಸ್ಪತ್ರೆಗಳಲ್ಲಿ ಇರಬೇಕಾಯಿತು. ಮಸಿ ಗುಡಿಸಿದರೂ ಒಲೆ ಉರಿಯುವ ಬಗೆ ಬದಲಾಗದಿದ್ದರೆ ಮತ್ತೆ ಮಸಿ ಕಟ್ಟುತ್ತದೆ.

ಸಿಬಿಟಿಯಲ್ಲಿ ಕೊಡುವ ಯೋಚನಾ ದಾಖಲೆಯನ್ನೇ ಹತ್ತಿರದಿಂದ ನೋಡೋಣ. ಅಂಕಣಗಳು ಹೀಗೆ.

ಸಂದರ್ಭ: ಸಂಜೆ ಆರಕ್ಕೆ ಮ್ಯಾನೇಜರ್ ಮೆಸೇಜು, "ನಾಳೆ ಬಂದು ಕಾಣಿ."
ಹೊಳೆದ ಯೋಚನೆ: ಕೆಲಸದಿಂದ ತೆಗೆಯುತ್ತಾರೆ.
ಭಾವನೆ: ಭಯ, ನೂರಕ್ಕೆ 85.
ಯೋಚನೆಗೆ ಆಧಾರ: ಹೋದ ವಾರ ವರದಿ ತಡವಾಯಿತು.
ವಿರುದ್ಧ ಆಧಾರ: ಹಿಂದೆ ನಾಲ್ಕು ಸಲ ಹೀಗೇ ಕರೆದಿದ್ದರು, ಎರಡು ಸಲ ಹೊಸ ಕೆಲಸ ಒಪ್ಪಿಸಲು. ತಡವಾದದ್ದು ಅವರಿಗೆ ಮುಂಚೆಯೇ ಗೊತ್ತಿತ್ತು.
ತೂಗಿ ನೋಡಿದ ಯೋಚನೆ: ವರದಿ ಬಗ್ಗೆ ಕೇಳಬಹುದು. ಕೆಲಸ ಹೋಗುತ್ತದೆನ್ನಲು ಇಷ್ಟು ಸಾಲದು.
ಭಾವನೆ ಮತ್ತೆ: ಭಯ, 50.

85 ಇದ್ದದ್ದು ಸೊನ್ನೆಗೆ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಇಲ್ಲಿ ಆಗುವ ತಪ್ಪುಗಳು ಎರಡು. "ಎಲ್ಲ ಒಳ್ಳೆಯದಾಗುತ್ತದೆ" ಎಂದು ತೂಗಿದ ಯೋಚನೆಯ ಜಾಗದಲ್ಲಿ ಬರೆಯುವುದು ಮೊದಲನೆಯದು. ನಂಬಿಕೆಯೇ ಇಲ್ಲದ ವಾಕ್ಯದಿಂದ ಅಂಕ ಇಳಿಯುವುದಿಲ್ಲ. ಎರಡನೆಯದು ಸೆಷನ್ನಿನ ಹಿಂದಿನ ರಾತ್ರಿ ಏಳೂ ದಿನದ್ದನ್ನು ಒಟ್ಟಿಗೆ ತುಂಬುವುದು. ಭಯ ಬಿಸಿಯಾಗಿರುವಾಗಲೇ ಎರಡು ಸಾಲು ಫೋನಿನಲ್ಲಿ ಗೀಚಿಟ್ಟರೂ ಅದು ಹೆಚ್ಚು ಬೆಲೆಯದ್ದು. ಮಾಡಲಾಗದ ವಾರ "ಮಾಡಿಲ್ಲ" ಎಂದೇ ಹೇಳಿ, ಯಾಕೆ ಆಗಲಿಲ್ಲ ಎಂಬುದೇ ಆ ದಿನದ ವಿಷಯವಾಗುತ್ತದೆ. ನಾಚಿಕೆಯಿಂದ ಭೇಟಿಯನ್ನೇ ತಪ್ಪಿಸುವುದು ಬೇಡ.

ಔಷಧಿಯೂ ನಡೆಯುತ್ತಿದ್ದರೆ ಹುಷಾರಾಯಿತೆಂದು ನೀವಾಗಿ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆ, ನಿದ್ದೆಯ ಮಾತ್ರೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ನಡುಕ, ಮರುಕಳಿಕೆ ಆಗಬಹುದು. ಇಳಿಸುವ ಲೆಕ್ಕ ಬರೆದುಕೊಟ್ಟ ವೈದ್ಯರದು.

ಎದ್ದು ಬರಬೇಕಾದ ಸಂದರ್ಭಗಳು

ಹೊಂದಾಣಿಕೆ ಆಗದಿರುವುದು ಬೇರೆ, ತಪ್ಪು ನಡೆಯುವುದು ಬೇರೆ. ಚಿಕಿತ್ಸಕರು ಮೈಮುಟ್ಟುವ, ಪ್ರೇಮದ, ಲೈಂಗಿಕ ಮಾತು ತೆಗೆದರೆ ಅದು ಯಾವ ಕಾರಣಕ್ಕೂ ಚಿಕಿತ್ಸೆಯ ಭಾಗವಲ್ಲ. ಸಾಲ ಕೇಳುವುದು, ವ್ಯಾಪಾರಕ್ಕೆ ಸೇರಿಸುವುದು, ತಮ್ಮದೇ ಕಷ್ಟ ಹೇಳಿಕೊಂಡು ಗಂಟೆ ಕಳೆಯುವುದು, ಇನ್ನೊಬ್ಬ ರೋಗಿಯ ಹೆಸರು ಹೇಳುವುದು, ಧರ್ಮ, ಜಾತಿ ಅಥವಾ ಲೈಂಗಿಕತೆಯನ್ನು "ಸರಿಪಡಿಸುತ್ತೇನೆ" ಎನ್ನುವುದು, ಹತ್ತು ಸೆಷನ್ನಿನಲ್ಲಿ ಗ್ಯಾರಂಟಿ ಎನ್ನುವುದು, ಇವೆಲ್ಲ ಅದೇ ಸಾಲಿನವು. ದಿನಾಂಕ, ಆಡಿದ ಮಾತು, ಮೆಸೇಜುಗಳನ್ನು ಉಳಿಸಿಟ್ಟುಕೊಂಡು ಅವರ ನೋಂದಣಿ ಸಂಸ್ಥೆಗೆ ದೂರು ಕೊಡಬಹುದು. ಆರಂಭದಲ್ಲೇ ನೋಂದಣಿ ಸಂಖ್ಯೆ ಕೇಳಿಟ್ಟುಕೊಂಡಿದ್ದರ ಇನ್ನೊಂದು ಉಪಯೋಗ ಇದು.

8. ಮುಗಿಸುವುದು

ಆರರಿಂದ ಎಂಟು ವಾರಕ್ಕೊಮ್ಮೆ ಪ್ರಶ್ನಾವಳಿ ಮತ್ತೆ ತುಂಬಿ, ಮೊದಲ ದಿನದ ಗುರಿಯ ಪಕ್ಕ ಇಡಿ. ಎರಡೂ ಅಲ್ಲಾಡದಿದ್ದರೆ ಬಗೆ ಬದಲಿಸಬೇಕೇ, ಔಷಧಿ ಸೇರಿಸಬೇಕೇ, ಬೇರೆಯವರ ಬಳಿ ಕಳಿಸಬೇಕೇ ಎಂದು ಕೇಳುವ ಹೊತ್ತು ಅದು. ಸುಧಾರಿಸಿದ್ದರೆ ವಾರಕ್ಕೊಮ್ಮೆ ಇದ್ದದ್ದನ್ನು ಎರಡು ವಾರಕ್ಕೆ, ಆಮೇಲೆ ತಿಂಗಳಿಗೆ ಹಿಗ್ಗಿಸಿ ನಿಲ್ಲಿಸುವುದು ಕ್ರಮ.

ಕೊನೆಯ ಒಂದೆರಡು ಭೇಟಿಯಲ್ಲಿ ಒಂದು ಹಾಳೆ ಸಿದ್ಧಮಾಡಿಕೊಳ್ಳಿ. ಖಿನ್ನತೆಯಂಥವು ಮರಳಿ ಬರುವಾಗ ಒಬ್ಬೊಬ್ಬರಲ್ಲಿ ಒಂದೊಂದು ದಾರಿ ಹಿಡಿಯುತ್ತವೆ: ಒಬ್ಬರಿಗೆ ಮೊದಲು ಕೆಡುವುದು ನಿದ್ದೆ, ಇನ್ನೊಬ್ಬರು ಸ್ನಾನ ಮುಂದೂಡಲು ಶುರುಮಾಡುತ್ತಾರೆ, ಮತ್ತೊಬ್ಬರು ಫೋನ್ ಸೈಲೆಂಟಿಗೆ ಹಾಕುತ್ತಾರೆ. ನಿಮ್ಮವು ಯಾವ ಮೂರು ಎಂಬುದು ಹಾಳೆಯ ಮೇಲ್ಭಾಗದಲ್ಲಿರಲಿ. ಅದರ ಕೆಳಗೆ, ಅವುಗಳಲ್ಲಿ ಎರಡು ಒಂದು ವಾರ ಕಂಡರೆ ಯಾವ ಅಭ್ಯಾಸ ಮತ್ತೆ ಹಿಡಿಯಬೇಕು, ಎರಡು ವಾರ ಕಂಡರೆ ಯಾರಿಗೆ ಫೋನ್ ಮಾಡಬೇಕು. ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ಮನೆಯಲ್ಲಿ ನಿಮಗಿಂತ ಮೊದಲು ಇದನ್ನು ಗಮನಿಸುವವರ ಕೈಯಲ್ಲಿರಲಿ.